ಡ್ರಮ್ಮಿನ ಉಪ್ಪುನೀರು ಸರಿಯಾಗದಿದ್ದರೆ: ಮನೆಯ ಮರೈನ್ ಟ್ಯಾಂಕಿಗೆ ನೀರು ಮಾಡುವಾಗ ದೋಷ ಹುಡುಕುವ ಬಗೆ

ಜೂನ್ ತಿಂಗಳು. ಮಳೆ ಹಿಡಿದು ಒಂದು ವಾರ ಆಗಿತ್ತು. ಮಲ್ಪೆಯಿಂದ ಭಾವ ಫೋನ್ ಮಾಡಿದರು. ಕಡಲ ಮೀನು ಸಾಕಲು ಮೂರು ಅಡಿಯ ಹೊಸ ಗಾಜಿನ ಟ್ಯಾಂಕ್ ತಂದು ಚಾವಡಿಯಲ್ಲಿ ಕೂರಿಸಿದ್ದರು. ಜಗಲಿಯಲ್ಲಿ ಡ್ರಮ್ ಇಟ್ಟು, ಮರೈನ್ ಸಾಲ್ಟ್ (ಕಡಲ ನೀರು ಮಾಡಲು ಪ್ಯಾಕೆಟಿನಲ್ಲಿ ಸಿಗುವ ಉಪ್ಪು) ಹಾಕಿ ನೂರು ಲೀಟರ್ ನೀರು ಮಾಡಿದ್ದರು. ಎರಡು ರಾತ್ರಿ ಕಳೆದರೂ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗೇ ಇತ್ತು. ಗೆಳೆಯರಿಂದ ತಂದ, ನೀರಿನ ಉಪ್ಪು ಅಳೆಯುವ ಹೈಡ್ರೋಮೀಟರ್ 1.023 ತೋರಿಸುತ್ತಿತ್ತು.

"ಕಡಿಮೆ ಉಂಟಲ್ಲ ಭಾವ, ಇನ್ನೂ ಅರ್ಧ ಕೆಜಿ ಉಪ್ಪು ಹಾಕ್ಲಾ?" ಎಂದು ಅವರು ನನ್ನನ್ನು ಕೇಳಿದರು.

"ಬೇಡ ಬೇಡ, ಈಗ ಎಂತದೂ ಹಾಕ್ಬೇಡಿ. ಡ್ರಮ್ಮಿಗೆ ನೀರು ಮೊದಲು ಹಾಕಿದ್ದಾ, ಉಪ್ಪು ಮೊದಲು ಹಾಕಿದ್ದಾ?"

"ಉಪ್ಪು ಸುರಿದು ಮೇಲಿಂದ ನೀರು ಹೊಯ್ದೆ."

ಬಿಳಿ ನೀರಿನ ಕಾರಣ ಅಲ್ಲೇ ಸಿಕ್ಕಿತು. ಆದರೆ ಕಡಿಮೆ ರೀಡಿಂಗಿಗೆ ಅದು ಕಾರಣ ಅಲ್ಲ. ಭಾವ ಎರಡನ್ನೂ ಸೇರಿಸಿ ಒಂದೇ ದೋಷ ಅಂದುಕೊಂಡಿದ್ದರು. ಉಪ್ಪು ಪೂರ್ತಿ ಕರಗಿಲ್ಲ, ಹಾಗಾಗಿ ನೀರು ಬಿಳಿ, ಹಾಗಾಗಿ ರೀಡಿಂಗೂ ಕಡಿಮೆ ಎಂದು. ಕೇಳಲು ಸರಿ ಅನ್ನಿಸುತ್ತದೆ ಅಲ್ವಾ? ಹೊಸಬರಲ್ಲಿ ಹೆಚ್ಚಿನವರು ಹೀಗೇ ಯೋಚಿಸಿ ಇನ್ನಷ್ಟು ಉಪ್ಪು ಹಾಕುತ್ತಾರೆ. ನಾನೂ ಹಾಕಿದ್ದೇನೆ. ನನ್ನ ಮೊದಲ ಟ್ಯಾಂಕಿನಲ್ಲಿ ಮೇ ತಿಂಗಳ ಸೆಕೆಯಲ್ಲಿ ರೀಡಿಂಗ್ ಕಡಿಮೆ ಕಂಡು ಮೂರು ದಿನ ದಿನಕ್ಕಿಷ್ಟು ಎಂದು ಉಪ್ಪು ಸೇರಿಸಿದೆ. ನಾಲ್ಕನೇ ದಿನ ಬಸವನಹುಳಗಳೆಲ್ಲ ಚಿಪ್ಪಿನೊಳಗೆ ಸೇರಿಕೊಂಡವು, ಮತ್ತೆ ಹೊರಗೆ ಬರಲಿಲ್ಲ. ಆ ನೀರಿನಲ್ಲಿ ಉಪ್ಪು ಕಡಿಮೆ ಇರಲೇ ಇಲ್ಲ. ತಪ್ಪಿದ್ದದ್ದು ಅಳತೆ. ಅದು ಈಗಲೂ ಮನಸ್ಸಿಗೆ ನೋವಾಗುವ ವಿಷಯ. ಅದಕ್ಕೇ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇಷ್ಟು: ದೋಷ ಎಲ್ಲಿದೆ ಎಂದು ಗೊತ್ತಾಗುವವರೆಗೆ ನೀರಿಗೆ ಏನನ್ನೂ ಸೇರಿಸಬೇಡಿ. ಡ್ರಮ್ಮಿನ ನೀರು ಟ್ಯಾಂಕಿಗೆ ಹೋಗದೆ ಇರುವಷ್ಟು ಕಾಲ ಯಾವ ಜೀವಕ್ಕೂ ಅಪಾಯ ಇಲ್ಲ. ಆತುರ ಬೇಡ.

ಭಾನುವಾರ ನಾನು ಮಂಗಳೂರಿಂದ ಹೊರಟೆ. ಬೆಳಕು ಬಗ್ಗುವುದನ್ನು ನೋಡಿ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್, ನೀರಿನಲ್ಲಿ ಕರಗಿದ ಒಟ್ಟು ಲವಣ ಹೇಳುವ ಟಿಡಿಎಸ್ ಮೀಟರ್, ಆಲ್ಕಲಿನಿಟಿ (ನೀರಿನ ಕಾರ್ಬೊನೇಟ್ ಅಂಶ) ನೋಡುವ ಕಿಟ್, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಒಂದು ಬಾಟಲಿ ವಿನೆಗರ್ ಚೀಲದಲ್ಲಿ ಹಾಕಿಕೊಂಡೆ. ಅಲ್ಲಿ ಯಾವ ಕ್ರಮದಲ್ಲಿ ನೋಡಿದೆವೋ ಅದೇ ಕ್ರಮದಲ್ಲಿ ಬರೆಯುತ್ತೇನೆ. ನಿಮ್ಮಲ್ಲೂ ಹೀಗೇ ಒಂದೊಂದಾಗಿ ನೋಡಿ.

ಮೊದಲು ಅಳತೆಯ ಉಪಕರಣ

ಕಡಲಿನ ನೀರಿನ ಉಪ್ಪಿನ ಅಂಶ ಸಾವಿರಕ್ಕೆ 35, ಅಂದರೆ ಒಂದು ಕೆಜಿ ನೀರಿನಲ್ಲಿ 35 ಗ್ರಾಂ ಲವಣ. ಸ್ಪೆಸಿಫಿಕ್ ಗ್ರಾವಿಟಿಯ (ಸಿಹಿನೀರಿನ ಎಷ್ಟು ಪಟ್ಟು ಭಾರ ಎಂಬ) ಲೆಕ್ಕದಲ್ಲಿ 25 ಡಿಗ್ರಿ ಉಷ್ಣತೆಯಲ್ಲಿ ಇದು ಸುಮಾರು 1.0264. ಮನೆಯ ಟ್ಯಾಂಕಿಗೆ 1.025ರಿಂದ 1.026 ಗುರಿ ಇಟ್ಟುಕೊಂಡರೆ ಸರಿ. 1.023 ಎಂದರೆ ಸಾವಿರಕ್ಕೆ 31ರ ಆಸುಪಾಸು. ಹಾಗಾಗಿ ಭಾವನ ಉಪಕರಣ ನಿಜ ಹೇಳುತ್ತಿದ್ದರೆ ನೀರು ಸಪ್ಪೆ ಎಂದೇ ಅರ್ಥ.

ಅವರ ಕೈಯಲ್ಲಿದ್ದದ್ದು ಮುಳ್ಳು ಮೇಲೆ ಕೆಳಗೆ ಆಡುವ ಪ್ಲಾಸ್ಟಿಕ್ ಹೈಡ್ರೋಮೀಟರ್. ಇದರಲ್ಲಿ ಎರಡು ತೊಂದರೆ ಸಾಮಾನ್ಯ. ಮುಳ್ಳಿಗೆ ಗಾಳಿಗುಳ್ಳೆ ಅಂಟಿದರೆ ಅದು ಮುಳ್ಳನ್ನು ಮೇಲೆತ್ತುತ್ತದೆ, ರೀಡಿಂಗ್ ಇದ್ದದ್ದಕ್ಕಿಂತ ಜಾಸ್ತಿ ಬರುತ್ತದೆ. ನೀರು ತುಂಬಿದ ಮೇಲೆ ಬೆರಳಿಂದ ಎರಡು ಸಲ ತಟ್ಟಿ ಗುಳ್ಳೆ ಬಿಡಿಸಬೇಕು. ಎರಡನೆಯದು ಇದಕ್ಕೆ ಉಲ್ಟಾ. ಹಳೆಯ ಉಪಕರಣದ ಮುಳ್ಳಿನ ಮೇಲೆ ಸುಣ್ಣದ ಪೊರೆ ಕಟ್ಟಿರುತ್ತದೆ. ಮುಳ್ಳು ಭಾರವಾಗಿ ಕೆಳಗೆ ಉಳಿಯುತ್ತದೆ, ರೀಡಿಂಗ್ ಕಡಿಮೆ ಬರುತ್ತದೆ. ಭಾವ ತಂದಿದ್ದ ಹೈಡ್ರೋಮೀಟರನ್ನು ಬೆಳಕಿಗೆ ಹಿಡಿದಾಗ ಬಿಳಿ ಪೊರೆ ಸರಿಯಾಗಿ ಕಂಡಿತು. ಸೊಸೆಯ ನೀರಿನ ಬಾಟಲಿಯ ತಳದಲ್ಲಿ ಕಟ್ಟುವ ಕರೆಯ ಹಾಗೆ.

ಮೂರನೆಯದು ನಮ್ಮ ಕರಾವಳಿಯ ಸೆಕೆ. ಹೈಡ್ರೋಮೀಟರ್‌ಗಳನ್ನು ಒಂದು ನಿಗದಿತ ಉಷ್ಣತೆಗೆ ಹೊಂದಿಸಿರುತ್ತಾರೆ, ಹೆಚ್ಚಾಗಿ 25 ಡಿಗ್ರಿ ಸುತ್ತಮುತ್ತ. ನೀರು ಬಿಸಿಯಾದಷ್ಟೂ ಹಿಗ್ಗಿ ಹಗುರವಾಗುತ್ತದೆ. ಉಪ್ಪು ಅಷ್ಟೇ ಇದ್ದರೂ 30 ಡಿಗ್ರಿಯ ನೀರಿನಲ್ಲಿ 1.0264 ಬರಬೇಕಾದ್ದು 1.025ಕ್ಕಿಂತ ಸ್ವಲ್ಪ ಕೆಳಗೆ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಂಗಳೂರಿನ ಮನೆಯೊಳಗಿನ ನೀರು 30 ದಾಟುವುದು ದೊಡ್ಡ ವಿಷಯವಲ್ಲ. ನನ್ನ ಬಸವನಹುಳಗಳು ಸತ್ತದ್ದರಲ್ಲಿ ಇದರ ಪಾಲೂ ಇತ್ತು.

ಹಾಗಾದರೆ ರಿಫ್ರಾಕ್ಟೋಮೀಟರ್ ತಂದರೆ ಆಯಿತಲ್ಲ? ತರುವುದು ಒಳ್ಳೆಯದೇ. ಆದರೆ ಅದನ್ನೂ ಸುಮ್ನೆ ನಂಬಬಾರದು. ಹೆಚ್ಚಿನವರು ಒಂದು ಹನಿ ಸಿಹಿನೀರು ಹಾಕಿ ಸೊನ್ನೆಗೆ ತಿರುಗಿಸಿ ಬಿಡುತ್ತಾರೆ. ಸೊನ್ನೆಯಲ್ಲಿ ಸರಿ ಇದ್ದ ಉಪಕರಣ 35ರಲ್ಲಿ ಎರಡು ಮೂರು ಅಂಕ ತಪ್ಪಬಹುದು. ನಮಗೆ ಬೇಕಾದ್ದು 35ರ ಹತ್ತಿರದ ನಿಜ. ಆದ್ದರಿಂದ ಅಲ್ಲಿಯೇ ಹೊಂದಿಸಬೇಕು. ಅದಕ್ಕೆ 35 ಎಂದು ಬರೆದ ಕ್ಯಾಲಿಬ್ರೇಷನ್ ದ್ರಾವಣದ ಪುಟ್ಟ ಬಾಟಲಿ ಸಿಗುತ್ತದೆ. ಸಿಗದಿದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದು. 36.5 ಗ್ರಾಂ ಪುಡಿ ಉಪ್ಪು, 963.5 ಗ್ರಾಂ ಶುದ್ಧ ನೀರು. ಎರಡೂ ಸೇರಿ ಸರಿಯಾಗಿ ಒಂದು ಕೆಜಿ. ಈ ದ್ರಾವಣ ಬೆಳಕನ್ನು ಬಗ್ಗಿಸುವುದು ಸಾವಿರಕ್ಕೆ 35ರ ಕಡಲ ನೀರಿನಷ್ಟೇ. ಇದರ ಒಂದೆರಡು ಹನಿ ಹಾಕಿ, ಗೆರೆ 35ರಲ್ಲಿ ಬರುವ ಹಾಗೆ ಸ್ಕ್ರೂ ತಿರುಗಿಸಿ. ಇದು ರಿಫ್ರಾಕ್ಟೋಮೀಟರಿಗೆ ಮಾತ್ರ ಹೊಂದುವ ಅಳತೆ, ಹೈಡ್ರೋಮೀಟರಿಗೆ ಈ ದ್ರಾವಣ ಬಳಸಬೇಡಿ.

ಎರಡು ಎಚ್ಚರಿಕೆ. ಮಳೆಗಾಲದಲ್ಲಿ ಭರಣಿಯ ಉಪ್ಪು ನೀರೊಡೆದಿರುತ್ತದೆ. ಅದನ್ನು ತೂಗಿದರೆ ಉಪ್ಪಿನ ಜೊತೆ ನೀರನ್ನೂ ತೂಗಿದ ಹಾಗೆ. ಹೊಸ ಪ್ಯಾಕೆಟ್ ಒಡೆಯಿರಿ, ಬೇಕಿದ್ದರೆ ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಆರಿಸಿಕೊಳ್ಳಿ. ಇನ್ನೊಂದು, ಹನಿ ಹಾಕಿದ ತಕ್ಷಣ ನೋಡಬೇಡಿ. ಗಾಜು ಮತ್ತು ನೀರಿನ ಉಷ್ಣತೆ ಒಂದಾಗಲು ಅರ್ಧ ನಿಮಿಷದಿಂದ ಒಂದು ನಿಮಿಷ ಬೇಕು. ಉಷ್ಣತೆಯನ್ನು ತಾನೇ ಸರಿದೂಗಿಸುತ್ತದೆ ಎಂದು ಬರೆದಿರುವ ಉಪಕರಣಗಳಿಗೂ ಸಾಮಾನ್ಯವಾಗಿ 10ರಿಂದ 30 ಡಿಗ್ರಿಯ ಮಿತಿ ಇರುತ್ತದೆ. ಬಿಸಿಲು ಬೀಳುವ ಜಗಲಿಯಲ್ಲಿ ಇಟ್ಟು ನೋಡಬಾರದು.

ಹೀಗೆ ಹೊಂದಿಸಿ ಭಾವನ ಡ್ರಮ್ಮಿನ ನೀರು ನೋಡಿದೆವು. 37. ಸಪ್ಪೆ ಅಲ್ಲ, ಉಪ್ಪೇ ಜಾಸ್ತಿ! ಆ ಅರ್ಧ ಕೆಜಿ ಹಾಕಿದ್ದರೆ 42ರ ಹತ್ತಿರ ಹೋಗುತ್ತಿತ್ತು. ಹೈಡ್ರೋಮೀಟರನ್ನು ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿಟ್ಟು, ಸಂಜೆ ತೊಳೆದು ಮತ್ತೆ ನೋಡಿದಾಗ ಅದೂ 1.027 ತೋರಿಸಿತು. ಜಗಲಿಯ ನೀರಿನ ಉಷ್ಣತೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅದು 37ಕ್ಕೆ ಹೊಂದುವ ಸಂಖ್ಯೆಯೇ.

ಉಪ್ಪು ಹೇಗೆ ಜಾಸ್ತಿಯಾಯಿತು? ಡ್ರಮ್ಮಿನ ಮೇಲೆ 100 ಎಂದು ಗೆರೆ ಇರಲಿಲ್ಲ. ಬಕೆಟ್ ಲೆಕ್ಕದಲ್ಲಿ ನೀರು ತುಂಬಿದ್ದರು, ಬಕೆಟ್ ಪ್ರತಿ ಸಲ ಪೂರ್ತಿ ತುಂಬುವುದಿಲ್ಲ. ಸಾಮಾನ್ಯ ಮರೈನ್ ಸಾಲ್ಟ್ ಲೀಟರಿಗೆ 36ರಿಂದ 40 ಗ್ರಾಂ ಒಳಗೆ ಬೇಕಾಗುತ್ತದೆ, ಪ್ಯಾಕೆಟ್ ಮೇಲೆ ಬರೆದಿರುತ್ತದೆ. ಐದಾರು ಲೀಟರ್ ನೀರು ಕಡಿಮೆಯಾದರೆ ಸಾಕು, 35 ಇದ್ದದ್ದು 37 ಆಗಲು. ಲೀಟರ್ ಗುರುತಿರುವ ಪಾತ್ರೆಯಿಂದ ಒಮ್ಮೆ ಅಳೆದು ತುಂಬಿ, ಡ್ರಮ್ಮಿನ ಒಳಗೆ ಗೆರೆ ಎಳೆದುಬಿಡಿ. ಒಂದೇ ಸಲದ ಕೆಲಸ.

ನೀರು ಎಲ್ಲಿಂದ ಬಂತು

ನಮ್ಮ ಊರುಗಳಲ್ಲಿ ನೀರಿಗೆ ಮೂರು ದಾರಿ. ಬಾವಿ, ನಲ್ಲಿ, ಅಡುಗೆಮನೆಯ ಆರ್‌ಓ. ಮಳೆನೀರು ಹಿಡಿದರಾಗದೇ ಎಂದು ಕೇಳುವವರೂ ಇದ್ದಾರೆ. ಒಂದೊಂದಾಗಿ ನೋಡೋಣ.

ಬಾವಿನೀರು ಕುಡಿಯಲು ಎಷ್ಟು ರುಚಿಯಾಗಿದ್ದರೂ ಟ್ಯಾಂಕಿಗೆ ನೇರ ಬೇಡ. ನಮ್ಮದು ಮುರಕಲ್ಲಿನ ನೆಲ. ಆ ನೀರಿನಲ್ಲಿ ಕಬ್ಬಿಣ ಇರುತ್ತದೆ, ನೀರಿಗೆ ಸ್ವಲ್ಪ ಹುಳಿ ಗುಣವೂ ಇರುತ್ತದೆ. ಬಿಳಿ ಬಟ್ಟೆ ಹಳದಿಗೆ ತಿರುಗುವ ಮನೆಯಲ್ಲಿ ಟ್ಯಾಂಕಿನ ಗಾಜಿನ ಮೇಲೂ ಕಂದು ಪಾಚಿ ಬೇಗ ಬರುತ್ತದೆ. ಅದರಲ್ಲಿ ನೀರಿನ ಸಿಲಿಕೇಟಿನ ಪಾಲೂ ಇದೆ. ಇನ್ನು ಕಡಲ ಬದಿಯ ಬಾವಿಗಳು ಮೇ ತಿಂಗಳಿಗೆ ಉಪ್ಪಾಗುತ್ತವೆ. ಮಲ್ಪೆಯವರಿಗೆ, ಉಳ್ಳಾಲದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಡಿಸೆಂಬರಿನಲ್ಲಿ ನೋಡಿದ ಟಿಡಿಎಸ್ ಮೇ ತಿಂಗಳಲ್ಲಿ ಅದೇ ಇರುತ್ತದೆ ಎಂದು ನಂಬಬೇಡಿ.

ನಲ್ಲಿನೀರಿನ ತೊಂದರೆ ಕ್ಲೋರಿನ್. ಮಂಗಳೂರಿಗೆ ತುಂಬೆಯ ಅಣೆಕಟ್ಟಿನಿಂದ ನೇತ್ರಾವತಿಯ ನೀರು, ಉಡುಪಿಗೆ ಬಜೆಯಿಂದ ಸ್ವರ್ಣೆಯ ನೀರು. ಎರಡೂ ಶುದ್ಧೀಕರಣ ಆಗಿಯೇ ಬರುತ್ತವೆ. ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ, ಟ್ಯಾಂಕಿನಲ್ಲಿ ಬೆಳೆಯಬೇಕಾದ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಆರ್‌ಓ ಮೆಂಬ್ರೇನನ್ನೂ ಹಾಳು ಮಾಡುತ್ತದೆ. ಮೆಂಬ್ರೇನಿಗೆ ಮೊದಲು ಕಾರ್ಬನ್ ಫಿಲ್ಟರ್ ಇಡುವುದು ಅದಕ್ಕೇ.

ಈಗ ಅಡುಗೆಮನೆಯ ಆರ್‌ಓ. ಭಾವ ಬಳಸಿದ್ದು ಅದನ್ನೇ. "ಆರ್‌ಓ ನೀರೇ ಭಾವ, ಶುದ್ಧ" ಎಂದರು. ಮೀಟರ್ ಅದ್ದಿದರೆ 68 ಪಿಪಿಎಂ (ಹತ್ತು ಲಕ್ಷಕ್ಕೆ 68 ಭಾಗ) ತೋರಿಸಿತು. ಮನೆಯ ಆರ್‌ಓ ಕುಡಿಯುವವರಿಗಾಗಿ ಮಾಡಿದ್ದು. ರುಚಿಗೆ ಬೇಕು ಎಂದು ಸ್ವಲ್ಪ ಕಚ್ಚಾ ನೀರನ್ನು ವಾಪಸ್ ಬೆರೆಸುವ ಟಿಡಿಎಸ್ ಕಂಟ್ರೋಲರ್ ಅದರಲ್ಲಿ ಇರುತ್ತದೆ, ಇಲ್ಲವೇ ಖನಿಜ ಸೇರಿಸುವ ಕ್ಯಾಟ್ರಿಜ್ ಇರುತ್ತದೆ. ಇಷ್ಟರಿಂದ ಮೀನು ಸಾಯುವುದಿಲ್ಲ, ಪಾಚಿ ಜಾಸ್ತಿಯಾಗಬಹುದು ಅಷ್ಟೇ.

ನನಗೆ ನಿಜವಾಗಿ ಹೆದರಿಕೆ ಇರುವುದು ಬೇರೆ ವಿಷಯಕ್ಕೆ. ಈಗ ಕೆಲವು ಮನೆಯ ಪ್ಯೂರಿಫೈಯರ್‌ಗಳಲ್ಲಿ ನೀರಿಗೆ ತಾಮ್ರ ಸೇರಿಸುವ ಕ್ಯಾಟ್ರಿಜ್ ಬರುತ್ತದೆ. ಮನುಷ್ಯರಿಗೆ ಅಷ್ಟು ತಾಮ್ರದಿಂದ ತೊಂದರೆ ಇಲ್ಲ. ಸಿಗಡಿ, ಬಸವನಹುಳ, ಹವಳ, ಸೀ ಅನಿಮೋನ್‌ಗಳಿಗೆ ತಾಮ್ರ ತೀರಾ ಸಣ್ಣ ಪ್ರಮಾಣದಲ್ಲೂ ವಿಷ. ಟಿಡಿಎಸ್ ಮೀಟರ್ ಇದನ್ನು ಹಿಡಿಯುವುದಿಲ್ಲ. ಅದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂದು ನೋಡಿ ಒಟ್ಟು ಲವಣದ ಅಂದಾಜು ಹೇಳುತ್ತದೆ. ಯಾವ ಲವಣ ಎಂದು ಅದಕ್ಕೆ ತಿಳಿಯದು. ಹಾಗಾಗಿ ಮೀಟರಿನ ಸಂಖ್ಯೆ ನೋಡಿ ಸಮಾಧಾನ ಪಟ್ಟುಕೊಳ್ಳುವ ಮೊದಲು ಪ್ಯೂರಿಫೈಯರಿನ ಮುಚ್ಚಳ ತೆಗೆದು ಒಳಗೆ ಯಾವ ಕ್ಯಾಟ್ರಿಜ್ ಇದೆ ಎಂದು ಓದಿ. ಇದೇ ಕಾರಣಕ್ಕೆ ತಾಮ್ರದ ಹಂಡೆ, ತಾಮ್ರದ ಕೊಡಪಾನ, ಹಿತ್ತಾಳೆಯ ಸೌಟು, ಹಿತ್ತಾಳೆಯ ನಲ್ಲಿ ಯಾವುದೂ ಈ ನೀರಿಗೆ ತಾಗಬಾರದು. ಮೀನುಗಳು ಚೆನ್ನಾಗಿಯೇ ಓಡಾಡುತ್ತಿವೆ, ಆದರೆ ಸಿಗಡಿ ಮತ್ತು ಬಸವನಹುಳ ಮಾತ್ರ ಬಿಟ್ಟ ಎರಡೇ ದಿನದಲ್ಲಿ ಸಾಯುತ್ತಿವೆ, ಉಪ್ಪಿನ ಅಳತೆಯೂ ಸರಿ ಇದೆ ಎಂದಾದರೆ ತಾಮ್ರದ ಮೇಲೆ ಅನುಮಾನ ಪಡಿ. ತಾಮ್ರ ನೋಡುವ ಕಿಟ್ ಬೇರೆಯೇ ಸಿಗುತ್ತದೆ. ಒಮ್ಮೆ ಅದು ಕಲ್ಲು, ಮರಳಿಗೆ ಹಿಡಿದುಕೊಂಡರೆ ತೆಗೆಯುವುದು ಕಷ್ಟ. ನೀರು ಡ್ರಮ್ಮಿನಲ್ಲಿ ಇರುವಾಗಲೇ ಗೊತ್ತಾದರೆ ಚೆಲ್ಲಿಬಿಡುವುದು ಸುಲಭ.

ಮಳೆನೀರಿಗೂ ಇದೇ ಮಾತು. ಟಿಡಿಎಸ್ ತುಂಬ ಕಡಿಮೆ ಬರುತ್ತದೆ, ನೋಡಿದರೆ ಆಸೆಯಾಗುತ್ತದೆ. ಆದರೆ ಅದು ಇಳಿದು ಬಂದದ್ದು ಹಂಚಿನ ಮೇಲಿನ ಪಾವಸೆ, ಹಕ್ಕಿ ಹಿಕ್ಕೆ, ತಗಡಿನ ಸತುವನ್ನು ತೊಳೆದುಕೊಂಡು. ನಾನು ಬಳಸುವುದಿಲ್ಲ.

ಸರಿಯಾದ ದಾರಿ ಆರ್‌ಓ ಆದ ಮೇಲೆ ಡಿಐ ರೆಸಿನ್ (ಉಳಿದ ಲವಣವನ್ನೂ ಹಿಡಿದುಕೊಳ್ಳುವ ಸಣ್ಣ ಮಣಿಗಳು) ಇರುವ ಸಣ್ಣ ಘಟಕ. ಅದರಿಂದ ಬರುವ ನೀರು ಮೀಟರಿನಲ್ಲಿ 0 ತೋರಿಸಬೇಕು. 2, 3 ಎಂದು ಏರತೊಡಗಿದರೆ ರೆಸಿನ್ ಮುಗಿದಿದೆ ಎಂದು ಅರ್ಥ. ಈಗಲೇ ಅಷ್ಟು ಖರ್ಚು ಬೇಡ ಎಂದರೆ, ಮನೆಯ ಆರ್‌ಓದಲ್ಲಿ ಮೆಂಬ್ರೇನ್ ಆದ ಕೂಡಲೇ, ಖನಿಜದ ಕ್ಯಾಟ್ರಿಜ್‌ಗೆ ಮೊದಲೇ ನೀರು ತೆಗೆಯುವ ಪೈಪ್ ಹಾಕಿಸಿಕೊಳ್ಳಬಹುದು. ಭಾವನ ಮನೆಯಲ್ಲಿ ಹಾಗೆ ಮಾಡಿಸಿದಾಗ 68 ಇದ್ದದ್ದು 7ಕ್ಕೆ ಇಳಿಯಿತು. ಮೀನು ಮಾತ್ರ ಸಾಕುವ ಟ್ಯಾಂಕಿಗೆ ಅಷ್ಟು ಸಾಕು.

ಉಪ್ಪಿನ ಚೀಲ

ಕಡಲ ಬದಿಯಲ್ಲೇ ಇದ್ದು ಉಪ್ಪು ಏಕೆ ದುಡ್ಡು ಕೊಟ್ಟು ತರಬೇಕು, ಸಾಣಿಕಟ್ಟೆಯ ಹರಳುಪ್ಪು ಆಗುವುದಿಲ್ಲವೇ ಎಂದು ಭಾವನ ಅಮ್ಮ ಕೇಳಿದರು. ಒಳ್ಳೆಯ ಪ್ರಶ್ನೆ. ಉಪ್ಪಿನ ಗದ್ದೆಯಲ್ಲಿ ಕಡಲ ನೀರು ಒಣಗುವಾಗ ಎಲ್ಲ ಲವಣಗಳೂ ಒಟ್ಟಿಗೆ ಹರಳುಗಟ್ಟುವುದಿಲ್ಲ. ಮೊದಲು ಸುಣ್ಣದ ಅಂಶ, ಜಿಪ್ಸಂ ತಳಕ್ಕೆ ಬೀಳುತ್ತವೆ. ಆಮೇಲೆ ನಾವು ತಿನ್ನುವ ಉಪ್ಪು. ಕೊನೆಗೆ ಉಳಿಯುವ ಕಹಿ ನೀರಿನಲ್ಲಿ ಮೆಗ್ನೀಷಿಯಂ ಇರುತ್ತದೆ, ಅದನ್ನು ಹೊರಗೆ ಬಿಡುತ್ತಾರೆ. ಹಾಗಾಗಿ ಕಡಲಿನಿಂದಲೇ ಬಂದ ಉಪ್ಪನ್ನು ನೀರಿಗೆ ಹಾಕಿದರೂ ಅದು ಮತ್ತೆ ಕಡಲ ನೀರಾಗುವುದಿಲ್ಲ. ಕಡಲ ನೀರಿನಲ್ಲಿ ಕ್ಯಾಲ್ಸಿಯಂ ಸುಮಾರು 410 ಪಿಪಿಎಂ, ಮೆಗ್ನೀಷಿಯಂ ಸುಮಾರು 1,300 ಪಿಪಿಎಂ ಇರುತ್ತವೆ. ಪ್ಯಾಕೆಟಿನ ಮರೈನ್ ಸಾಲ್ಟ್‌ನಲ್ಲಿ ಇವನ್ನೆಲ್ಲ ಲೆಕ್ಕಕ್ಕೆ ಸೇರಿಸಿರುತ್ತಾರೆ.

ಆ ಪ್ಯಾಕೆಟಿಗೆ ನಮ್ಮ ಮಳೆಗಾಲ ಶತ್ರು. ಅದರಲ್ಲಿರುವ ಮೆಗ್ನೀಷಿಯಂ, ಕ್ಯಾಲ್ಸಿಯಂ ಲವಣಗಳು ಗಾಳಿಯ ತೇವವನ್ನು ಬೇಗ ಹೀರಿಕೊಳ್ಳುತ್ತವೆ. ಚೀಲದ ಬಾಯಿ ಮಡಚಿ ಕ್ಲಿಪ್ ಹಾಕಿಟ್ಟರೆ ಆಟಿ (ಆಷಾಢ) ತಿಂಗಳ ಹೊತ್ತಿಗೆ ಕಲ್ಲಾಗಿರುತ್ತದೆ. ಕಲ್ಲಾದ ಉಪ್ಪಿನಲ್ಲಿ ಎರಡು ದೋಷ. ತೂಕದಲ್ಲಿ ನೀರೂ ಸೇರಿರುವುದರಿಂದ ಲೆಕ್ಕ ತಪ್ಪುತ್ತದೆ. ಚೀಲದ ಒಳಗೇ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಸೇರಿ ಸುಣ್ಣವಾಗಿಬಿಡುತ್ತವೆ, ಆ ಗಂಟು ಎಷ್ಟು ತಿರುಗಿಸಿದರೂ ಕರಗುವುದಿಲ್ಲ. ರಬ್ಬರ್ ಬಿಗಿ ಇರುವ ಮುಚ್ಚಳದ ಡಬ್ಬಿಯಲ್ಲಿ ತುಂಬಿಡಿ. ಇನ್ನೊಂದು ಸಣ್ಣ ಸಂಗತಿ, ಲಾರಿಯಲ್ಲಿ ಕುಲುಕಿ ಬಂದ ಚೀಲದಲ್ಲಿ ಸಣ್ಣ ಹರಳು ಕೆಳಗೆ, ದೊಡ್ಡವು ಮೇಲೆ ಆಗಿರುತ್ತವೆ. ಅರ್ಧ ಚೀಲ ಬಳಸುವವರು ಮೊದಲು ಡಬ್ಬಿಯನ್ನು ಹೊರಳಿಸಿ ಬೆರೆಸಿಕೊಳ್ಳಬೇಕು.

ಬಿಳಿ ನೀರು

ಭಾವನ ಡ್ರಮ್ಮಿನ ಮುಖ್ಯ ದೋಷ ಇದು. ಖಾಲಿ ಡ್ರಮ್ಮಿಗೆ ಉಪ್ಪು ಸುರಿದು ಮೇಲಿಂದ ನೀರು ಬಿಟ್ಟರೆ, ಮೊದಲ ಕೆಲವು ನಿಮಿಷ ತಳದಲ್ಲಿ ತೀರಾ ಗಟ್ಟಿಯಾದ ಉಪ್ಪುನೀರು ಇರುತ್ತದೆ. ಅಲ್ಲಿ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಒತ್ತೊತ್ತಾಗಿ ಸಿಕ್ಕಿ ಜೊತೆಗೂಡಿ ಸುಣ್ಣದ ಪುಡಿಯಾಗುತ್ತವೆ. ಆ ಪುಡಿಯೇ ಬಿಳಿ. ಒಮ್ಮೆ ಹಾಗಾದ ಮೇಲೆ ಉಳಿದ ನೀರು ತುಂಬಿದರೂ ಅದು ಸುಲಭವಾಗಿ ವಾಪಸ್ ಕರಗುವುದಿಲ್ಲ. ಬಿಸಿನೀರು ಹಾಕಿದರೂ ಇದೇ ತೊಂದರೆ. ಸಕ್ಕರೆಯ ಹಾಗೆ ಅಲ್ಲ ಇದು. ಸುಣ್ಣ ಬಿಸಿನೀರಿನಲ್ಲಿ ಕಡಿಮೆ ಕರಗುತ್ತದೆ. ಬೇಗ ಆಗಲಿ ಎಂದು ಬಚ್ಚಲ ಹಂಡೆಯ ನೀರು ಬೆರೆಸಬೇಡಿ. ನಮ್ಮಲ್ಲಿ ನೀರು ಮಾಡುವಾಗ ಹೀಟರೂ ಬೇಕಾಗಿಲ್ಲ. ಹಾಕಿದರೆ ಅದರ ಮೈಮೇಲೆ ಬಿಳಿ ಪೊರೆ ಕಟ್ಟುತ್ತದೆ, ಅದೂ ಇದೇ ಸುಣ್ಣ.

ಆದರೆ ಬಿಳಿ ಇದ್ದದ್ದೆಲ್ಲ ಸುಣ್ಣವೇ ಎಂದುಕೊಳ್ಳಬಾರದು. ಹೊಸ ನೀರು ಮೊದಲ ಕೆಲವು ಗಂಟೆ ಮಬ್ಬಾಗಿರುವುದು ಸಹಜ. ನೀರು ತಿರುಗಿಸಲು ಡ್ರಮ್ಮಿನಲ್ಲಿ ಇಟ್ಟ ಪಂಪಿನ ಸಣ್ಣ ಗಾಳಿಗುಳ್ಳೆಗಳೂ ಹಾಗೆ ಕಾಣುತ್ತವೆ. ಪಂಪ್ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಗುಳ್ಳೆ ಹೋಗಿಬಿಡುತ್ತದೆ. 24 ಗಂಟೆ ತಿರುಗಿದ ಮೇಲೂ ಬಿಳಿ ಇದ್ದರೆ ಗಾಜಿನ ಎರಡು ಲೋಟಗಳಲ್ಲಿ ಆ ನೀರು ಹಿಡಿಯಿರಿ. ಒಂದಕ್ಕೆ ಎರಡು ಚಮಚ ವಿನೆಗರ್ ಹಾಕಿ. ಅದು ತಿಳಿಯಾಗುತ್ತಾ ಬಂದರೆ ಸುಣ್ಣ ಎಂದು ಖಾತ್ರಿ. ಇನ್ನೊಂದನ್ನು ರಾತ್ರಿಯಿಡೀ ಅಲ್ಲಾಡಿಸದೆ ಇಡಿ. ಬೆಳಿಗ್ಗೆ ತಳದಲ್ಲಿ ಬಿಳಿ ಪುಡಿ ಕೂತಿರುತ್ತದೆ. ಭಾವನ ಲೋಟ ಎರಡು ಮೂರು ನಿಮಿಷದಲ್ಲೇ ತಿಳಿಯಾಯಿತು. ಮಕ್ಕಳಿಗೆ ಅದನ್ನು ನೋಡುವುದೇ ಖುಷಿ.

ವಿನೆಗರ್ ಹಾಕಿದರೂ ಮಬ್ಬು ಹೋಗದೆ, ರಾತ್ರಿ ಇಟ್ಟರೂ ತಳಕ್ಕೆ ಕೂರದೆ ಇದ್ದರೆ ಅದು ಬ್ಯಾಕ್ಟೀರಿಯಾ. ಹೊಸ ಟ್ಯಾಂಕಿನಲ್ಲಿ ಮೊದಲ ವಾರಗಳಲ್ಲಿ ಬರುತ್ತದೆ, ಗಾಳಿ ಚೆನ್ನಾಗಿ ಬಿಟ್ಟರೆ ತಾನೇ ಹೋಗುತ್ತದೆ. ಡ್ರಮ್ಮಿನಲ್ಲಿ ನೀರು ತಿಳಿಯಾಗಿದ್ದು ಟ್ಯಾಂಕಿಗೆ ಹಾಕಿದ ಮೇಲೆ ಬಿಳಿಯಾಯಿತು ಎಂದರೆ ತೊಳೆಯದೆ ಹಾಕಿದ ಮರಳಿನ ಧೂಳು. ಡ್ರಮ್ಮಿನ ಗೋಡೆಗೆ ಕಂದು ಬಣ್ಣದ ಜಿಡ್ಡಿನಂಥ ಗೆರೆ ಕಟ್ಟಿದರೆ ಗಾಬರಿ ಬೇಡ. ಕೆಲವು ಉಪ್ಪುಗಳಲ್ಲಿ ಕರಗದ ಕಲ್ಮಶ ಸ್ವಲ್ಪ ಇರುತ್ತದೆ. ಒರೆಸಿದರೆ ಆಯಿತು.

ಸುಣ್ಣವಾಗಿ ಹೋದ ನೀರಿನಲ್ಲಿ ಕಡಿಮೆಯಾಗುವುದು ಏನು? ಇಲ್ಲಿ ಹೆಚ್ಚಿನವರು ಕ್ಯಾಲ್ಸಿಯಂ ಪರೀಕ್ಷೆ ಮಾಡಿ "ಸರಿ ಇದೆಯಲ್ಲ" ಎಂದು ಬಿಟ್ಟುಬಿಡುತ್ತಾರೆ. ನೋಡಬೇಕಾದ್ದು ಆಲ್ಕಲಿನಿಟಿ. ಅದು 1 ಡಿಕೆಹೆಚ್ (ಆಲ್ಕಲಿನಿಟಿಯ ಅಳತೆ) ಇಳಿದಾಗ ಕ್ಯಾಲ್ಸಿಯಂ ಇಳಿಯುವುದು ಬರೇ 7 ಪಿಪಿಎಂ. 400ರಲ್ಲಿ 7 ಹೋದರೆ ಮನೆಯ ಕಿಟ್‌ನಲ್ಲಿ ಕಾಣಿಸುವುದೂ ಇಲ್ಲ. ಭಾವನ ಪ್ಯಾಕೆಟ್ ಮೇಲೆ ಆಲ್ಕಲಿನಿಟಿ 8 ಎಂದಿತ್ತು. ಡ್ರಮ್ಮಿನ ನೀರಿನಲ್ಲಿ ಬಂದದ್ದು 5. ಮೂರು ಡಿಕೆಹೆಚ್ ಸುಣ್ಣವಾಗಿ ತಳ ಸೇರಿತ್ತು.

ಕಡಲಿನ ನೀರನ್ನೇ ತಂದರೆ?

ಮಲ್ಪೆಯಲ್ಲಿ ಇದ್ದು ಈ ಪ್ರಶ್ನೆ ಬಾರದೆ ಇರುವುದಿಲ್ಲ. ಬೇಸಿಗೆಯಲ್ಲಿ, ದಡದಿಂದ ದೂರ ಹೋಗುವ ದೋಣಿಯವರು ತಂದುಕೊಟ್ಟರೆ ಆ ನೀರು ಒಳ್ಳೆಯದೇ. ದಡದ ನೀರು ಬೇಡ. ಬಂದರಿನ ಹತ್ತಿರ ಎಣ್ಣೆ ಇರುತ್ತದೆ. ಅಳಿವೆಯ ಹತ್ತಿರ ಹೊಳೆನೀರು ಬೆರೆಯುತ್ತದೆ. ಮಲ್ಪೆಗೆ ಉದ್ಯಾವರ ಹೊಳೆ, ಮಂಗಳೂರಿಗೆ ನೇತ್ರಾವತಿ ಮತ್ತು ಗುರುಪುರ ಹೊಳೆ. ಮಳೆಗಾಲದಲ್ಲಂತೂ ಪಣಂಬೂರು, ತಣ್ಣೀರುಬಾವಿಯ ದಡದಲ್ಲಿ ನೀರು ಕೆಂಪಗಾಗಿರುವುದನ್ನು ಎಲ್ಲರೂ ನೋಡಿದ್ದೇವೆ. ಆಗ ಉಪ್ಪಿನ ಅಂಶ ಎಷ್ಟಿರುತ್ತದೆ ಎಂಬುದು ದಿನದಿಂದ ದಿನಕ್ಕೆ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ರಜೆ, ಹಾಗಾಗಿ ಕೇಳಲು ಜನವೂ ಇರುವುದಿಲ್ಲ. ತಂದ ನೀರನ್ನು ಬಟ್ಟೆಯಲ್ಲಿ ಸೋಸಿ, ಮುಚ್ಚಿಟ್ಟು, ಉಪ್ಪಿನ ಅಂಶ ಅಳೆದೇ ಬಳಸಬೇಕು.

ತಿದ್ದುವ ಲೆಕ್ಕ

ಕಾರಣ ಗೊತ್ತಾದ ಮೇಲೆ ತಿದ್ದುವುದು ಕಷ್ಟವಲ್ಲ. ಭಾವನ ಡ್ರಮ್ಮಿನಲ್ಲಿ ಹೀಗೆ ಮಾಡಿದೆವು.

ಪಂಪ್ ನಿಲ್ಲಿಸಿ ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಸಣ್ಣ ಪೈಪಿನಿಂದ ಮೇಲಿನ ತಿಳಿನೀರನ್ನು ಮಾತ್ರ ಇನ್ನೊಂದು ಡ್ರಮ್ಮಿಗೆ ಇಳಿಸಿದೆವು. ತಳದಲ್ಲಿ ಉಳಿದ ಬಿಳಿ ಗಸಿಯನ್ನು ಅಂಗಳಕ್ಕೆ ಚೆಲ್ಲಿದೆವು, ತೆಂಗಿನ ಬುಡದಿಂದ ದೂರ. 37ರಿಂದ 35ಕ್ಕೆ ತರಲು ಲೆಕ್ಕ ಸರಳ. 35ನ್ನು 37ರಿಂದ ಭಾಗಿಸಿದರೆ 0.946. ಅಂದರೆ ನೂರು ಲೀಟರಿನಲ್ಲಿ ಸುಮಾರು ಐದೂವರೆ ಲೀಟರ್ ಉಪ್ಪುನೀರು ತೆಗೆದು ಅಷ್ಟೇ ಆರ್‌ಓ ನೀರು ಹಾಕಬೇಕು. ನಮಗೆ ಗಸಿಯ ಜೊತೆ ಹೋದದ್ದೇ ಹೆಚ್ಚುಕಡಿಮೆ ಅಷ್ಟಾಗಿತ್ತು. ಇದಕ್ಕೆ ಉಲ್ಟಾ, ನೀರು ನಿಜವಾಗಿಯೂ 31 ಇದ್ದಿದ್ದರೆ ನೂರು ಲೀಟರಿಗೆ ಸುಮಾರು 400 ಗ್ರಾಂ ಉಪ್ಪು ಬೇಕಾಗುತ್ತಿತ್ತು. ಅದನ್ನೂ ಪಂಪ್ ತಿರುಗುತ್ತಿರುವಾಗ ಕೈಹಿಡಿ ಕೈಹಿಡಿಯಾಗಿ, ಮೊದಲನೆಯದು ಕರಗಿದ ಮೇಲೆ ಮುಂದಿನದು ಎಂದು ಹಾಕಬೇಕು. ಟ್ಯಾಂಕಿನಲ್ಲಿ ಜೀವಗಳಿದ್ದರೆ ಅಲ್ಲಿಗೆ ನೇರ ಉಪ್ಪು ಹಾಕುವಂತೆಯೇ ಇಲ್ಲ.

ಆಲ್ಕಲಿನಿಟಿಗೆ ಅಡುಗೆ ಸೋಡಾ. ಬೇಕಿಂಗ್ ಪೌಡರ್ ಅಲ್ಲ, ಬರೇ ಸೋಡಾ. ನೂರು ಲೀಟರಿನಲ್ಲಿ 1 ಡಿಕೆಹೆಚ್ ಏರಿಸಲು 3 ಗ್ರಾಂ ಸಾಕು. ನಮಗೆ ಬೇಕಾದ್ದು 9 ಗ್ರಾಂ. ಒಂದು ಲೋಟ ಆರ್‌ಓ ನೀರಿನಲ್ಲಿ ಕರಗಿಸಿ, ಅರ್ಧ ಬೆಳಿಗ್ಗೆ, ಅರ್ಧ ಸಂಜೆ, ಪಂಪಿನ ಎದುರು ನಿಧಾನ ಸುರಿದೆವು. ಒಟ್ಟಿಗೆ ಸುರಿದರೆ ಅದೂ ಸುಣ್ಣವಾಗುತ್ತದೆ. ಗಸಿ ತೆಗೆಯುವ ಮೊದಲು ಹಾಕಿದರೂ ಹಾಗೇ, ನೀರಿನಲ್ಲಿ ತೇಲುವ ಹಳೆಯ ಪುಡಿಯ ಮೇಲೆ ಹೊಸದು ಬೆಳೆಯುತ್ತದೆ.

ಮಂಗಳವಾರ ಬೆಳಿಗ್ಗೆ ಭಾವ ಫೋಟೋ ಕಳಿಸಿದರು. ಡ್ರಮ್ಮಿನ ತಳದ ಕಂಪನಿ ಮುದ್ರೆ ಓದುವಷ್ಟು ತಿಳಿ. ರಿಫ್ರಾಕ್ಟೋಮೀಟರನ್ನು ನಾನು ಅಲ್ಲೇ ಬಿಟ್ಟು ಬಂದಿದ್ದೆ, ರೀಡಿಂಗ್ 35. ಆಲ್ಕಲಿನಿಟಿ 7.8. ಟ್ಯಾಂಕಿಗೆ ಹಾಕಲು ಹೇಳಿದೆ.

ಹಾಕಿದ ಮೇಲೆ ಒಂದು ಮಾತು ನೆನಪಿಸಿದೆ. ಫ್ಯಾನ್ ಗಾಳಿಗೆ ಟ್ಯಾಂಕಿನ ನೀರು ದಿನಾ ಆವಿಯಾಗುತ್ತದೆ, ಉಪ್ಪು ಮಾತ್ರ ಅಲ್ಲೇ ಉಳಿಯುತ್ತದೆ. ಕಡಿಮೆಯಾದ ಮಟ್ಟಕ್ಕೆ ಸೇರಿಸಬೇಕಾದ್ದು ಸಿಹಿನೀರು, ಡ್ರಮ್ಮಿನ ಉಪ್ಪುನೀರಲ್ಲ. ಗಾಜಿನ ಮೇಲೆ ಸಣ್ಣ ಟೇಪ್ ಅಂಟಿಸಿ ಮಟ್ಟ ಗುರುತು ಮಾಡಲು ಹೇಳಿದೆ. ಅವರು ಟೇಪ್ ಅಂಟಿಸಿ, ಅದರ ಮೇಲೆ ತಾರೀಕು ಬರೆದು, ಅದರದ್ದೂ ಒಂದು ಫೋಟೋ ಕಳಿಸಿದರು.